ಜಲಜಮ್ಮನವರ ಒಂಬತ್ತನೆಯ ಇಂಗ್ಲಿಷ್ ಪದ

ಜಲಜಮ್ಮನವರಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳು ಒಟ್ಟು ಒಂಬತ್ತು. ಏಜೆಂಟ್, ಬಾಂಡ್, ಪ್ರೀಮಿಯಂ, ಡ್ಯೂ, ಬೋನಸ್, ನಾಮಿನಿ, ಲ್ಯಾಪ್ಸ್, ಸರೆಂಡರ್, ಮೆಚ್ಯೂರ್. ಬಸ್ಸು, ಕಾಫಿ, ಟೈಮು, ಆಫೀಸು ಇವೆಲ್ಲ ಕನ್ನಡವೆಂದೇ ಅವರು ನಂಬಿದ್ದರಿಂದ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈ ಒಂಬತ್ತು ಪದಗಳಲ್ಲೇ ಅವರು ವ್ಯಾಪಾರ, ಸಂಸಾರ, ಊರ ಸುದ್ದಿ ಎಲ್ಲವನ್ನೂ ತೂಗಿಸುತ್ತಿದ್ದರು. ಅವರ ಬಾಯಲ್ಲಿ ಒಡೆದ ಹಾಲು ‘ಲ್ಯಾಪ್ಸ್’ ಆಗಿರುತ್ತಿತ್ತು. ಕೈತಪ್ಪಿದ ಗಂಡಿನ ಸಂಬಂಧವನ್ನು ಹುಡುಗಿಯ ಮನೆಯವರು ‘ಸರೆಂಡರ್’ ಮಾಡಿರುತ್ತಿದ್ದರು. ಬಹಳ ತಡವಾಗಿ ಹುಟ್ಟಿದ ಮಗು ‘ಬೋನಸ್’.

ನಾನು ಆಗ ಶಿವಮೊಗ್ಗದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜನರಿಗೆ ಹಣ ಕೊಡಬೇಕಾದ ಕಡತಗಳು ನನ್ನ ಮೇಜಿನ ಮೇಲೆ ಇರುತ್ತಿದ್ದುದರಿಂದ ಏಜೆಂಟರೆಲ್ಲ ನನ್ನನ್ನು ಗೌರವದಿಂದ ಮಾತಾಡಿಸುತ್ತಿದ್ದರು. ಜಲಜಮ್ಮನವರು ಮಾತ್ರ ಬಂದವರೇ ನನ್ನ ನೀರಿನ ಲೋಟ ಎತ್ತಿ ಕುಡಿದು, ಸೆರಗಿನಲ್ಲಿ ಗಾಳಿ ಹಾಕಿಕೊಂಡು, ‘ಏನ್ ಮಾರಾಯ, ಈ ಫ್ಯಾನು ಸತ್ತಂಗೆ ತಿರುಗ್ತದೆ’ ಎನ್ನುತ್ತಿದ್ದರು.

ಅವರು ಹುಟ್ಟಿದ್ದು ಶಿವಮೊಗ್ಗ-ಭದ್ರಾವತಿ ದಾರಿಯ ಮಲವಗೊಪ್ಪದ ರೈತರ ಮನೆಯಲ್ಲಿ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದರು. ಇಂಗ್ಲಿಷಿನಲ್ಲಿ ಬಂದದ್ದು ಮೂವತ್ತೈದು. ಅದರಲ್ಲಿ ಮೂವತ್ತು ಮುಂದಿನ ಬೆಂಚಿನ ಹುಡುಗಿಯದು ಎಂದು ಅವರೇ ನಗುತ್ತ ಹೇಳುತ್ತಿದ್ದರು. ಅದೇ ವರ್ಷ ಮದುವೆಯಾಗಿ ಭದ್ರಾವತಿಗೆ ಬಂದರು. ಗಂಡ ಜಯಪ್ಪ ಅಲ್ಲಿನ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದು ಊಟ ಮಾಡಿ ಮಲಗುವ, ಬಹಳ ಕಡಿಮೆ ಮಾತಿನ ಮನುಷ್ಯ. ಅವರ ಪಾಲಿನ ಮಾತನ್ನೂ ಜಲಜಮ್ಮನವರೇ ಆಡಿ ತೀರಿಸುತ್ತಿದ್ದರು.

ಜಯಪ್ಪನವರ ಪಾಲಿಸಿಯ ಹಣ ವಸೂಲಿಗೆಂದು ಮೂರು ತಿಂಗಳಿಗೊಮ್ಮೆ ಒಬ್ಬ ಏಜೆಂಟ್ ಕಾಗದನಗರದ ಅವರ ಕ್ವಾರ್ಟರ್ಸಿಗೆ ಬರುತ್ತಿದ್ದ. ಕೂತು ಕಾಫಿ ಕುಡಿದು ಒಂದು ಗಂಟೆ ಊರ ಮಾತೆಲ್ಲ ಆಡಿ ಎದ್ದು ಹೋಗುತ್ತಿದ್ದ. ಮೂರು ವರ್ಷ ಇದನ್ನು ನೋಡಿದ ಜಲಜಮ್ಮನವರು ಒಂದು ದಿನ ಗಂಡನನ್ನು ಕೇಳಿದರು.

‘ಅಲ್ಲಾ, ಈ ಮನುಷ್ಯಂಗೆ ಬರೀ ಮಾತಾಡೋದಕ್ಕೆ ದುಡ್ಡು ಕೊಡ್ತಾರಾ?’

‘ಹೂಂ. ನೂರಕ್ಕೆ ಇಷ್ಟು ಅಂತ.’

‘ಅಯ್ಯೋ ದೇವ್ರೇ! ಹಂಗಾದ್ರೆ ನಾನು ಇಷ್ಟು ವರ್ಷ ಬಿಟ್ಟಿ ಮಾತಾಡ್ಬಿಟ್ನಲ್ಲ!’

ಮರುವಾರವೇ ಶಿವಮೊಗ್ಗದ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದು ಅರ್ಜಿ ಹಾಕಿದರು. ಅದು ಎಂಬತ್ತೆಂಟನೇ ಇಸವಿ. ಹೆಂಗಸರು ಏಜೆಂಟರಾಗುವುದು ಆಗ ನಮ್ಮ ಕಡೆ ಅಪರೂಪ. ‘ಆರು ತಿಂಗಳಿಗೆ ಬಿಟ್ಟು ಹೋಗ್ತಾರೆ’ ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು. ಆರು ತಿಂಗಳಿಗೆ ಅವರು ಕಾಗದನಗರದ ನಾಲ್ಕು ಬೀದಿಗಳನ್ನು ಮುಗಿಸಿ ಐದನೆಯದಕ್ಕೆ ಕಾಲಿಟ್ಟಿದ್ದರು. ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು, ಎರಡೂ ತಪ್ಪುತಪ್ಪಾಗಿ, ಆದರೆ ನಿಲ್ಲದೆ. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ಹೋಗಿ ಸಾರಿನ ಮುಚ್ಚಳ ತೆಗೆದು ಮೂಸುತ್ತಿದ್ದರು. ಪಾಲಿಸಿಯ ಮಾತು ಆಮೇಲೆ. ಸಾವು ಎಂಬ ಪದವನ್ನು ಅವರು ಎಂದೂ ಬಾಯಿಗೆ ತಂದವರಲ್ಲ. ‘ಒಂದು ಪಕ್ಷ ಹೆಚ್ಚುಕಮ್ಮಿ ಆಯ್ತು ಅನ್ನಿ’ ಎಂದು ಒಂದು ಕ್ಷಣ ಕಣ್ಣು ಮುಚ್ಚಿ, ಕೂಡಲೇ ತೆರೆದು, ‘ಏನೂ ಆಗಲ್ಲ ಬಿಡಿ, ಮೆಚ್ಯೂರ್ ಆದಾಗ ಕೈತುಂಬ ದುಡ್ಡು’ ಎಂದು ಮುಗಿಸುತ್ತಿದ್ದರು. ಅವರ ಪಾಲಿಗೆ ಅದು ಮಾತಲ್ಲ, ಮಂತ್ರ. ಆ ಪದ ಕೇಳಿದರೆ ಎದುರಿಗಿದ್ದವರ ಮುಖ ಅರಳುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು.

ತೊಂಬತ್ತರ ಮಾರ್ಚಿನಲ್ಲಿ ಈ ಮಂತ್ರವನ್ನು ಅವರು ಧರ್ಮಪ್ಪನವರ ಹಿಟ್ಟಿನ ಗಿರಣಿಯಲ್ಲಿ ಹೇಳಿದರು.

ಧರ್ಮಪ್ಪನವರು ಭದ್ರಾವತಿಯ ಹಳೇನಗರದಲ್ಲಿ ಗಿರಣಿ ಇಟ್ಟಿದ್ದರು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಹಿಟ್ಟಿನಿಂದ ಬೆಳ್ಳಗಾಗಿರುತ್ತಿದ್ದುದರಿಂದ ಮೂವತ್ತೆಂಟರ ಅವರನ್ನು ಎಲ್ಲರೂ ಅಜ್ಜನೆಂದೇ ತಿಳಿಯುತ್ತಿದ್ದರು. ಮಾತಿಗೆ ಮಾತು ಹಿಡಿಯುವ ಮನುಷ್ಯ. ಒಮ್ಮೆ ಬಸ್ಸಿನ ಕಂಡಕ್ಟರ್ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದಿದ್ದಕ್ಕೆ ಡ್ರೈವರಿನ ಪಕ್ಕದವರೆಗೂ ಹೋಗಿ, ‘ಇನ್ನು ಮುಂದೆ ಗಾಜಿದೆ, ಏನ್ ಮಾಡ್ಲಿ?’ ಎಂದು ಕೇಳಿದ್ದರಂತೆ. ತಮಾಷೆಗಲ್ಲ. ನಿಜವಾಗಿಯೇ ಕೇಳಿದ್ದರು.

ಜಲಜಮ್ಮನವರು ಹೋದಾಗ ಗಿರಣಿ ಓಡುತ್ತಿತ್ತು. ಬೆಲ್ಟು ಪಟಪಟ ಬಡಿಯುವ ಸದ್ದಿನಲ್ಲಿ ಇಬ್ಬರೂ ಕಿರುಚಿಯೇ ಮಾತಾಡಬೇಕಿತ್ತು.

‘ಮಗಳ ಹೆಸರಲ್ಲಿ ಹಾಕಿ! ಮೆಚ್ಯೂರ್ ಆದಾಗ ದುಡ್ಡು ಬರುತ್ತೆ!’

‘ಯಾವಾಗ?’

‘ಮೆಚ್ಯೂರ್ ಆದಾಗ!’

ಧರ್ಮಪ್ಪನವರು ಜೋಳದ ಡಬ್ಬವನ್ನು ಕೆಳಗಿಟ್ಟು ಯೋಚಿಸಿದರು. ನಮ್ಮ ಕಡೆ ಹೆಣ್ಣುಮಕ್ಕಳು ದೊಡ್ಡವರಾದರೆ ಹಳಬರು ಮೈನೆರೆದಳು ಎನ್ನುತ್ತಾರೆ. ಸ್ವಲ್ಪ ನಾಜೂಕಿನವರು ದನಿ ತಗ್ಗಿಸಿ ‘ಮೆಚ್ಯೂರ್ ಆದಳು’ ಎನ್ನುತ್ತಾರೆ. ಧರ್ಮಪ್ಪನವರಿಗೆ ಆ ಪದಕ್ಕೆ ಇದ್ದದ್ದು ಆ ಒಂದೇ ಅರ್ಥ. ಮಗಳು ಸುಪ್ರಿಯಾಗೆ ಆಗ ಆರು ವರ್ಷ. ಅವಳು ದೊಡ್ಡವಳಾದಾಗ ಒಸಗೆ ಮಾಡಬೇಕು, ನೆಂಟರನ್ನು ಕರೆಯಬೇಕು, ಖರ್ಚಿದೆ. ಸರಿಯಾಗಿ ಆ ಹೊತ್ತಿಗೇ ದುಡ್ಡು ಕೊಡುತ್ತಾರೆಂದರೆ ಈ ವಿಮೆಯವರು ಎಷ್ಟು ಮುಂದಾಲೋಚನೆಯವರು ಎಂದುಕೊಂಡು ಅಲ್ಲೇ ಸಹಿ ಹಾಕಿದರು. ಅರ್ಜಿಯ ಮೇಲೆ ಬಿದ್ದ ಜೋಳದ ಹಿಟ್ಟನ್ನು ನಾನೇ ನಮ್ಮ ಕಚೇರಿಯಲ್ಲಿ ಕೊಡವಿದ್ದೆ.

ಎಂಟು ವರ್ಷ ಒಂದು ಕಂತೂ ತಪ್ಪಲಿಲ್ಲ.

ತೊಂಬತ್ತೆಂಟರ ಫೆಬ್ರವರಿ ಒಂಬತ್ತು, ಸೋಮವಾರ. ಧರ್ಮಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನನ್ನ ಮೇಜಿನ ಮುಂದೆ ಬಂದು ಕೂತರು. ಕೈಯಲ್ಲಿ ಒಂದು ಅರ್ಜಿ. ಅದನ್ನು ನಾನು ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ.

‘ಮಾನ್ಯರೇ, ನನ್ನ ಮಗಳಾದ ಕುಮಾರಿ ಸುಪ್ರಿಯಾ ದಿನಾಂಕ ನಾಲ್ಕನೇ ಬುಧವಾರದಂದು ಮೆಚ್ಯೂರ್ ಆಗಿರುತ್ತಾಳೆಂದು ತಿಳಿಸಲು ಸಂತೋಷಪಡುತ್ತೇನೆ. ಆದ ಕಾರಣ ತಮ್ಮ ಏಜೆಂಟರು ಒಪ್ಪಿಕೊಂಡ ಪ್ರಕಾರ ಹಣವನ್ನು ಹದಿನೈದನೇ ಭಾನುವಾರದೊಳಗೆ ದಯಪಾಲಿಸಬೇಕಾಗಿ ವಿನಂತಿ. ಅಂದು ಒಸಗೆ ಇಟ್ಟುಕೊಂಡಿದ್ದು ತಾವೂ ಸಿಬ್ಬಂದಿ ಸಮೇತ ಬರಬೇಕು. ಲಗತ್ತುಗಳು: ಬಾಂಡ್, ಜನನ ಪತ್ರ, ಪಕ್ಕದ ಮನೆಯ ಶ್ರೀಮತಿ ಸೀತಾಲಕ್ಷ್ಮಿಯವರ ಸಾಕ್ಷಿ ಸಹಿ.’

ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ನಗು ಬಂದು ಕೆಮ್ಮಿನ ನೆಪ ಮಾಡಿದೆ.

‘ಧರ್ಮಪ್ಪನೋರೇ, ಮೆಚ್ಯೂರ್ ಆಗ್ಬೇಕಾಗಿರೋದು ಮಗಳಲ್ಲ. ಪಾಲಿಸಿ.’

‘ಪಾಲಿಸಿ ಹೆಂಗ್ರೀ ದೊಡ್ಡದಾಗುತ್ತೆ? ಅದು ಕಾಗದ.’

‘ಹಂಗಲ್ಲ, ಹದಿನೈದು ವರ್ಷ...’

‘ನೋಡಿ, ನಾನು ಕೇಳ್ತೀನಿ, ನೀವು ಹೇಳಿ. ಪಾಲಿಸಿ ಯಾರ ಹೆಸರಲ್ಲಿದೆ?’

‘ನಿಮ್ಮ ಮಗಳ ಹೆಸರಲ್ಲಿ.’

‘ಮೆಚ್ಯೂರ್ ಆಗಿದ್ದು ಯಾರು?’

ನಾನು ಪೆನ್ನಿನ ಮುಚ್ಚಳ ಹಾಕಿದೆ.

‘ಅಷ್ಟೇ’ ಎಂದು ಅವರು ಕುರ್ಚಿಗೆ ಒರಗಿದರು.

ಮ್ಯಾನೇಜರ್ ವಿಜಯಕುಮಾರ್ ಒಳಗಿಂದ ಎದ್ದು ಬಂದರು. ವರ್ಗವಾಗಿ ಬಂದು ಎರಡು ತಿಂಗಳಾಗಿದ್ದ, ಎಲ್ಲಕ್ಕೂ ನಿಯಮ ನೋಡುವ ಅಧಿಕಾರಿ. ಅರ್ಜಿ ಓದಿದವರು ಕಿವಿಯವರೆಗೆ ಕೆಂಪಾದರು. ಆದರೆ ಬಂದ ಕಾಗದಕ್ಕೆ ನಂಬರು ಹಾಕಲೇಬೇಕೆಂಬುದು ನಿಯಮ. ‘ಇನ್‌ವರ್ಡ್ ಮಾಡಿ. ಏಜೆಂಟ್‌ನ ಕರೆಸಿ. ಪಾರ್ಟಿ ಹತ್ರ ವಾಪಸ್ ತಗೊಂಡಿದೀನಿ ಅಂತ ಬರೆಸಿಕೊಂಡು ಬನ್ನಿ’ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲ ಹಿಂದೆ ಬಹಳ ಹೊತ್ತು ಏನೋ ಸದ್ದು ಬರುತ್ತಿತ್ತು. ಅತ್ತಂತೆಯೂ ಇತ್ತು, ನಕ್ಕಂತೆಯೂ ಇತ್ತು.

ಮರುದಿನ ಜಲಜಮ್ಮನವರು ಬಂದರು. ನಾವೆಲ್ಲ ಅವರ ನಗುವಿಗೆ ಕಾದಿದ್ದೆವು. ಅವರು ನಗಲಿಲ್ಲ. ಅರ್ಜಿಯನ್ನು ನಿಧಾನವಾಗಿ ಓದಿ ಮಡಿಸಿಟ್ಟರು.

‘ನಾನು ಹಂಗೇ ಹೇಳಿರ್ತೀನಿ’ ಎಂದರು. ‘ನೂರಾರು ಮನೇಲಿ ಹೇಳಿದೀನಿ. ಅದಿರ್ಲಿ, ಮೆಚ್ಯೂರ್ ಅಂದ್ರೆ ನಿಜವಾಗ್ಲೂ ಏನರ್ಥ?’

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿದ ಹಮ್ಮಿನಲ್ಲಿ ‘ಪರಿಪಕ್ವ’ ಎಂದೆ.

‘ಹಂಗಂದ್ರೆ?’

ಅದಕ್ಕೆ ಉತ್ತರವಾಗಿ ನನಗೆ ಹೊಳೆದದ್ದು ‘ಮೆಚ್ಯೂರ್’ ಎಂಬ ಪದ ಮಾತ್ರ. ಅವರು ಕೊಡೆ ಕೈಗೆತ್ತಿಕೊಂಡು, ‘ಗೊತ್ತಿರೋರ ಹತ್ರ ಕರ್ಕೊಂಡು ಹೋಗು ಮಾರಾಯ. ಅರ್ಥ ಗೊತ್ತಿಲ್ದೆ ಆ ಮನೆ ಬಾಗಿಲಿಗೆ ನಾನು ಹೋಗಲ್ಲ’ ಎಂದರು.

ನನಗೆ ಗೊತ್ತಿದ್ದ ‘ಗೊತ್ತಿರೋರು’ ಒಬ್ಬರೇ. ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ಉಮಾಮಹೇಶ್ವರ ಮೇಷ್ಟ್ರು. ನನಗೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಯಾರಾದರೂ ಒಂದು ಪದ ಕೇಳಿಕೊಂಡು ಬರುತ್ತಾರೇನೋ ಎಂದು ಅಷ್ಟೂ ವರ್ಷ ಬಾಗಿಲಲ್ಲೇ ಕಾದಿದ್ದವರಂತೆ ನಮ್ಮನ್ನು ಒಳಗೆ ಎಳೆದುಕೊಂಡರು. ಹೊಟ್ಟೆಯ ಮೇಲೆ ಮಗುವಿನಂತೆ ಕೂರುವ ದಪ್ಪ ನಿಘಂಟನ್ನು ಕಪಾಟಿನಿಂದ ಇಳಿಸಿದರು.

‘ಮಾಟೂರುಸ್’ ಎಂದು ಘೋಷಿಸಿದರು. ‘ಲ್ಯಾಟಿನ್ ಪದ. ಹಳೇ ರೋಮಿನವರ ಮಾತು. ಹಣ್ಣಾದದ್ದು ಅಂತ ಅರ್ಥ. ಇನ್ನೂ ಒಂದಿದೆ, ಸರಿಯಾದ ಹೊತ್ತಿಗೆ ಆದದ್ದು. ಬೇಗ ಬಂದದ್ದಕ್ಕೂ ಅದೇ ಪದ. ಬೆಳಗಿನ ಜಾವಕ್ಕೆ ಅವರಲ್ಲಿ ಒಬ್ಬ ದೇವತೆ ಇದ್ದಳು, ಮಾಟೂಟಾ ಅಂತ. ಈ ಪದ ಅವಳ ನೆಂಟಸ್ತಿಕೇದೇ ಅಂತಾರೆ.’

‘ದೇವರ ಕಡೆ ಪದ’ ಎಂದು ಜಲಜಮ್ಮನವರು ಕೂತಲ್ಲೇ ಸೆರಗು ಸರಿಮಾಡಿಕೊಂಡರು.

‘ತಡೀರಿ. ಇಂಗ್ಲಿಷಿಗೆ ಬಂದ ಹೊಸದ್ರಲ್ಲಿ ಇದನ್ನ ಬಳಸ್ತಿದ್ದೋರು ವೈದ್ಯರು. ಯಾತಕ್ಕೆ ಗೊತ್ತಾ? ಕುರುವಿಗೆ! ಕೀವು ತುಂಬಿ ಒಡೆಯೋ ಹಾಗಾದ್ರೆ ಅದು ಮೆಚ್ಯೂರ್ ಆಯ್ತು.’

‘ನಾವೂ ಕುರು ಹಣ್ಣಾಯ್ತು ಅಂತೀವಲ್ಲ ಸಾರ್!’

‘ಅದೇ ನಾನೂ ಹೇಳೋದು!’ ಮೇಷ್ಟ್ರು ಖುಷಿಯಿಂದ ತೊಡೆ ತಟ್ಟಿಕೊಂಡರು. ‘ಎಲ್ಲಾ ದೇಶದಲ್ಲೂ ಕುರು ಒಂದೇ! ಆಮೇಲೆ ಹಣ್ಣಿಗೆ ಬಂತು, ಮನುಷ್ಯರಿಗೆ ಬಂತು. ಬುದ್ಧಿ ಬಲಿತವನು ಮೆಚ್ಯೂರ್, ಮೈ ಬಲಿತವನೂ ಮೆಚ್ಯೂರ್. ಎಲ್ಲಾ ಮುಗಿದ ಮೇಲೆ, ಒಂದು ಇನ್ನೂರು ವರ್ಷದ ಈಚೆಗೆ, ಸಾಲಪತ್ರದ ಗಡುವು ಬಂದ್ರೆ ಅದನ್ನೂ ಮೆಚ್ಯೂರ್ ಅಂದ್ರು ವ್ಯಾಪಾರಸ್ತರು. ನಿಮ್ಮ ದುಡ್ಡಿನ ಅರ್ಥ ಕಟ್ಟಕಡೇದು.’

ಜಲಜಮ್ಮನವರ ಮುಖ ಇಳಿಯಿತು. ‘ಅಂದ್ರೆ ಧರ್ಮಪ್ಪನೋರು ಹೇಳೋದು...?’

‘ಪದದ ಪ್ರಕಾರ ನಿಮಗಿಂತ ಅವನೇ ಸರಿ.’

ಸಂಕಟಕ್ಕೆ ಮದ್ದು ಕೇಳಲು ಹೋಗಿ ಹೊಸ ಸಂಕಟ ಕೊಂಡುಕೊಂಡಂತಾಯಿತು. ಮೇಷ್ಟ್ರು ಮಾತ್ರ ನಿಲ್ಲಲಿಲ್ಲ. ‘ನಮ್ಮಲ್ಲಿ ನೋಡಿ, ಮೈನೆರೆಯೋದು ಅಂತೀವಿ. ನೆರೆ ಅಂದ್ರೆ ತುಂಬೋದು, ಹೊಳೆಗೆ ನೆರೆ ಬಂದ ಹಾಗೆ. ತಲೆ ನೆರೆಯೋದು ಅಂತಲೂ ಇದೆ. ಮೂಲ ಬೇರೆ ಇರಬಹುದು, ಆದರೆ ಕಿವಿಗೆ ಒಂದೇ. ಮೈ ನೆರೆದ್ರೆ ಹೆಣ್ಣು ದೊಡ್ಡವಳು, ತಲೆ ನೆರೆತ್ರೆ ಗಂಡು ದೊಡ್ಡವನು.’

ಕಾಫಿ ತಂದ ಅವರ ಪತ್ನಿ ಜಗದಾಂಬಾ ಅಲ್ಲೇ ನಿಂತರು. ‘ಇವರ ತಲೆ ನೆರೆತು ಇಪ್ಪತ್ತು ವರ್ಷ ಆಯ್ತಮ್ಮ. ಸಕ್ಕರೆ ಕಾಯಿಲೆ, ಸಿಹಿ ಮುಟ್ಟಬಾರದು ಅಂತ ಡಾಕ್ಟ್ರು ಹೇಳಿದಾರೆ. ಆ ಡಿಕ್ಷನರಿ ಇಳಿಸಿದ ಜಾಗದಲ್ಲಿ ಏನಿದೆ ನೋಡಿ.’

ನಾನು ಎದ್ದು ನೋಡಿದೆ. ಕಪಾಟಿನ ಖಾಲಿ ಸಂದಿಯಲ್ಲಿ ಕಾಗದದಲ್ಲಿ ಸುತ್ತಿದ ಕೊಬ್ಬರಿ ಮಿಠಾಯಿ ಇತ್ತು. ಮೇಷ್ಟ್ರು ನಿಘಂಟಿನ ಒಳಗೆ ಮುಖ ಹುದುಗಿಸಿ ಏನೋ ಹುಡುಕತೊಡಗಿದರು.

ಭಾನುವಾರ ನಾನು, ಜಲಜಮ್ಮನವರು ಇಬ್ಬರೂ ಹಳೇನಗರಕ್ಕೆ ಹೋದೆವು. ನನ್ನ ಚೀಲದಲ್ಲಿ ಆ ಅರ್ಜಿ, ಅದರ ಜೊತೆ ಬಂದಿದ್ದ ಬಾಂಡ್, ಅರ್ಜಿಯನ್ನು ವಾಪಸ್ ಪಡೆದ ಬಗ್ಗೆ ಸಹಿ ಹಾಕಿಸಬೇಕಾದ ಕಾಗದ. ಜಲಜಮ್ಮನವರ ಕೈಯಲ್ಲಿ ಎಳ್ಳು ಬೆಲ್ಲದ ಚಿಗಳಿಯುಂಡೆಯ ಡಬ್ಬಿ, ಹುಡುಗಿಗೊಂದು ಲಂಗದ ಬಟ್ಟೆ. ಬಸ್ಸಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಗಿರಣಿಯ ಮುಂದೆ ಶಾಮಿಯಾನ. ಒಳಗೆ ನಡುಮನೆಯ ಮೂಲೆಯಲ್ಲಿ ಸೋದರಮಾವ ಹುಡುಗಿಯನ್ನು ಕೂರಿಸಲು ಹಾಕಿದ ಹಸಿರು ಸೊಪ್ಪಿನ ಗುಡ್ಲು. ಅದರ ಮುಂದೆ ಹೆಂಗಸರು ಆರತಿ ತಟ್ಟೆ ಸಜ್ಜು ಮಾಡುತ್ತಿದ್ದರು. ಧರ್ಮಪ್ಪನವರು ನಮ್ಮನ್ನು ನೋಡಿದವರೇ, ‘ಬಂದ್ರು, ವಿಮೆಯೋರು ಬಂದ್ರು! ದುಡ್ಡು ತಂದಿದಾರೆ!’ ಎಂದು ಕೂಗಿಬಿಟ್ಟರು. ಅಲ್ಲಿದ್ದ ನಲವತ್ತು ಮಂದಿಯೂ ನನ್ನ ಚೀಲವನ್ನೇ ನೋಡಿದರು.

ಜಲಜಮ್ಮನವರು ಚಪ್ಪಲಿ ಬಿಟ್ಟು ಒಳಗೆ ಬಂದು ನಡುಮನೆಯಲ್ಲಿ ನಿಂತರು.

‘ಧರ್ಮಪ್ಪನೋರೇ, ದುಡ್ಡು ತಂದಿಲ್ಲ. ತಪ್ಪು ನಂದು. ಅರ್ಥ ಗೊತ್ತಿಲ್ದೆ ಹತ್ತು ವರ್ಷ ಆ ಪದ ಮಾರಿದೀನಿ. ನೀವು ನಂಬಿದ್ರಿ. ಎಲ್ಲರ ಮುಂದೆ ಹೇಳ್ತಿದೀನಿ, ತಪ್ಪು ನಂದೇ.’

ಧರ್ಮಪ್ಪನವರಿಗೆ ಕ್ಷಮೆ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತರ್ಕ.

‘ತಪ್ಪು ಹೆಂಗೆ? ಮೆಚ್ಯೂರ್ ಅಂದ್ರೆ ದೊಡ್ಡವಳಾಗೋದು ಹೌದೋ ಅಲ್ವೋ? ಯಾರಾದ್ರೂ ಓದಿದೋರ್ನ ಕೇಳಿದೀರಾ?’

‘ಕೇಳಿದೀವಿ’ ಎಂದೆ ನಾನು.

‘ಏನಂದ್ರು?’

ಸುಳ್ಳು ಹೇಳಬಹುದಿತ್ತು. ಜಲಜಮ್ಮನವರು ನನ್ನ ಕಡೆ ತಿರುಗಿ ನೋಡಿದರು. ಹೇಳಿಬಿಟ್ಟೆ. ‘ನೀವು ಹೇಳಿದ್ದೇ ಹೆಚ್ಚು ಸರಿ ಅಂದ್ರು.’

‘ಕೇಳಿದ್ರಾ!’ ಧರ್ಮಪ್ಪನವರು ಎರಡೂ ಕೈ ಮೇಲೆತ್ತಿದರು. ಸೋದರಮಾವ ‘ಕೋರ್ಟಿಗೆ ಹೋಗೋಣ ಭಾವ’ ಎಂದ. ಒಬ್ಬ ಅಜ್ಜಿ ‘ನಮ್ ಕಾಲ್ದಲ್ಲಿ ಸರ್ಕಾರ ಇದಕ್ಕೆಲ್ಲ ದುಡ್ಡು ಕೊಡ್ತಿರ್ಲಿಲ್ಲ’ ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಸಾಕ್ಷಿ ಸಹಿ ಹಾಕಿದ್ದ ಸೀತಾಲಕ್ಷ್ಮಿಯವರು ತಮಗೂ ಒಂದು ಪಾಲು ಬರುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಧರ್ಮಪ್ಪನವರ ಹೆಂಡತಿ ಚಿನ್ನಮ್ಮ ಮಾತ್ರ ಗುಡ್ಲಿನ ಕಡೆಗೇ ನೋಡುತ್ತಿದ್ದರು. ಅಲ್ಲಿ ಸೊಪ್ಪು ಅಲುಗಾಡುತ್ತಿತ್ತು.

ಸುಪ್ರಿಯಾ ಹೊರಗೆ ಬಂದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಮೈಮೇಲೆ ಅಮ್ಮನ ರೇಷ್ಮೆ ಸೀರೆ, ತಲೆಯಲ್ಲಿ ಮೊಗ್ಗಿನ ಜಡೆ, ಕಣ್ಣಲ್ಲಿ ಬೆಂಕಿ.

‘ಅಪ್ಪ, ನನ್ನ ವಿಷಯ ಆಫೀಸಿಗೆ ಅರ್ಜಿ ಬರ್ದಿದೀಯಾ?’

‘ಇಲ್ಲ ಪುಟ್ಟಿ, ಅದು ಕ್ಲೇಮು...’

‘ಸೀತಾಲಕ್ಷ್ಮಿ ಆಂಟಿ ಹತ್ರ ಸೈನ್ ಹಾಕ್ಸಿದೀಯಾ?’

ಧರ್ಮಪ್ಪನವರು ಮೀಸೆ ಒರೆಸಿಕೊಂಡರು. ಅಲ್ಲಿ ಅಂದು ಹಿಟ್ಟಿರಲಿಲ್ಲ.

‘ಒಳಗೆ ಹೋಗೇ, ಆರತಿ ಆಗಿಲ್ಲ’ ಎಂದು ಯಾರೋ ಗದರಿದರು. ಅವಳು ಕದಲಲಿಲ್ಲ. ನನ್ನ ಕಡೆ ಕೈ ಚಾಚಿ, ‘ಆ ಬಾಂಡ್ ಕೊಡಿ’ ಎಂದಳು.

ಕೊಟ್ಟೆ. ನಿಂತಲ್ಲೇ ಓದತೊಡಗಿದಳು. ಆ ಬಾಂಡು ಎಂಟು ವರ್ಷ ಆ ಮನೆಯ ದೇವರ ಪಟದ ಹಿಂದೆ ಇತ್ತು. ಪ್ರತಿ ಯುಗಾದಿಗೂ ಅದಕ್ಕೆ ಕುಂಕುಮ ಬಿದ್ದಿತ್ತು. ಆದರೆ ಆ ಮನೆಯಲ್ಲಿ ಅದನ್ನು ಓದಿದ ಮೊದಲ ಪ್ರಾಣಿ ಅವಳೇ. ಕುಂಕುಮದ ಕಲೆಯ ಪಕ್ಕ ಬೆರಳಿಟ್ಟು ನಿಲ್ಲಿಸಿದಳು.

‘ಇಲ್ಲಿ ಡೇಟ್ ಆಫ್ ಮೆಚ್ಯೂರಿಟಿ ಅಂತ ಬರ್ದಿದಾರೆ. ಹದಿನೈದು, ಮೂರು, ಎರಡು ಸಾವಿರದ ಐದು.’

‘ಅದಕ್ಕೇನೀಗ?’

‘ಇದನ್ನ ಟೈಪ್ ಮಾಡಿದ್ದು ತೊಂಬತ್ತರಲ್ಲಿ. ನಂಗಾಗ ಆರು ವರ್ಷ. ನಾನು ಯಾವ ತಾರೀಖಿಗೆ ದೊಡ್ಡವಳಾಗ್ತೀನಿ ಅಂತ ಆಗ್ಲೇ ಇವರಿಗೆ ಹೆಂಗೆ ಗೊತ್ತಿತ್ತು ಅಪ್ಪ?’

ಧರ್ಮಪ್ಪನವರು ಬಾಂಡನ್ನು ತೆಗೆದುಕೊಂಡು ಆ ತಾರೀಖನ್ನು ಬೆಳಕಿಗೆ ಹಿಡಿದು ನೋಡಿದರು. ತಾವೇ ಹಾಕಿಕೊಂಡ ಬೇಲಿಯಲ್ಲಿ ಸಿಕ್ಕಿಬಿದ್ದವರಂತೆ ಅತ್ತಿತ್ತ ನೋಡಿದರು. ಕೊನೆಗೆ, ‘ಇದು ಪಾಯಿಂಟು’ ಎಂದರು.

ಅಷ್ಟು ಬೇಗ ಅವರು ಸೋತದ್ದನ್ನು ಭದ್ರಾವತಿಯಲ್ಲಿ ಯಾರೂ ಕಂಡಿರಲಿಲ್ಲ. ಮಗಳ ತರ್ಕಕ್ಕೆ ಸೋತಿದ್ದರಿಂದಲೋ ಏನೋ, ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ‘ನೋಡಿದ್ಯಾ? ಇಂಗ್ಲಿಷ್ ಓದ್ತಾಳೆ’ ಎಂದು ಭಾವಮೈದುನನ ಕಡೆ ತಿರುಗಿದರು.

ಸುಪ್ರಿಯಾಗೆ ಆ ಹೊಗಳಿಕೆ ಬೇಕಿರಲಿಲ್ಲ. ‘ಆ ಅರ್ಜಿ ಎಲ್ಲಿದೆ?’ ಎಂದು ನನ್ನನ್ನು ಕೇಳಿದಳು.

‘ಇಲ್ಲೇ ಇದೆ ಕಣಮ್ಮ. ಆದ್ರೆ ಕೊಡಕ್ಕಾಗಲ್ಲ. ಇನ್‌ವರ್ಡ್ ನಂಬರ್ ಬಿದ್ದಿದೆ.’

‘ನಂಗೆ ನಂಬರ್ ಹಾಕಿದೀರಾ?’ ಎಂದಳು. ಕಣ್ಣಲ್ಲಿ ನೀರು ತುಂಬಿತು. ನನಗೆ ನನ್ನ ಕೆಮ್ಮಿನ ನೆಪ ನೆನಪಾಗಿ ತಲೆ ತಗ್ಗಿತು.

ಜಲಜಮ್ಮನವರು ನನ್ನ ಚೀಲಕ್ಕೆ ಕೈ ಹಾಕಿದರು. ಅರ್ಜಿಯನ್ನು ಎಳೆದುಕೊಂಡು ಹಿತ್ತಲಿಗೆ ನಡೆದರು. ನಾನು ಹಿಂದೆ ಓಡುವಷ್ಟರಲ್ಲಿ ಅದು ನೀರೊಲೆಯ ಒಳಗೆ ಹೋಗಿತ್ತು. ‘ಲ್ಯಾಪ್ಸ್ ಆಯ್ತು ಅಂತ ಬರ್ಕೊಳ್ಳಿ’ ಎಂದರು. ಮಂಗಳವಾರ ನಾನು ಕಡತದಲ್ಲಿ ‘ಸದರಿ ಕಾಗದ ಗೆದ್ದಲಿನಿಂದ ನಾಶವಾಗಿದೆ’ ಎಂದು ಬರೆದೆ. ವಿಜಯಕುಮಾರ್ ಓದಿ, ‘ಒಂದು ವಾರದಲ್ಲಿ ಗೆದ್ದಲು?’ ಎಂದು ಹುಬ್ಬೇರಿಸಿ, ಸಹಿ ಹಾಕಿದರು. ನಿಯಮದ ಮನುಷ್ಯ ಎಂದು ನಾನು ಅವರ ಬಗ್ಗೆ ಆಡಿದ್ದ ಮಾತನ್ನು ಅಂದೇ ವಾಪಸು ಪಡೆದೆ.

ಹಿತ್ತಲಿನಿಂದ ಬಂದ ಜಲಜಮ್ಮನವರು ಸುಪ್ರಿಯಾಳ ಪಕ್ಕ ಹಸೆಯ ಮೇಲೆ ಕೂತು ಚಿಗಳಿಯ ಡಬ್ಬಿ ತೆರೆದರು.

‘ನೀನು ನಂಗೆ ಒಂದು ಉಪಕಾರ ಮಾಡ್ಬೇಕು. ಭಾನುವಾರ ಭಾನುವಾರ ಬರ್ತೀನಿ. ಈ ಬಾಂಡಲ್ಲಿ ಏನೇನು ಬರ್ದಿದೆ, ಒಂದು ಅಕ್ಷರ ಬಿಡದಂಗೆ ನಂಗೆ ಹೇಳ್ಕೊಡು.’

‘ನೀವು ಏಜೆಂಟ್ ಅಲ್ವಾ? ನಿಮಗೆ ಗೊತ್ತಿಲ್ವಾ?’

‘ನಂಗೆ ಒಂಬತ್ತು ಗೊತ್ತಿತ್ತು. ಈಗ ಎಂಟು.’

ಹುಡುಗಿ ಅಳುತ್ತಲೇ ನಕ್ಕಳು. ಆರತಿ ಆಯಿತು. ಊಟಕ್ಕೆ ಕಡಲೆಬೇಳೆ ಪಾಯಸ. ಧರ್ಮಪ್ಪನವರು ಪಂಕ್ತಿಯಲ್ಲಿ ಬಡಿಸುತ್ತ ಬಂದು ನನಗೆ ಎರಡು ಸೌಟು ಹೆಚ್ಚು ಹಾಕಿದರು.

ಜಲಜಮ್ಮನವರು ಮಾತಿಗೆ ತಪ್ಪಲಿಲ್ಲ. ನಲವತ್ತು ದಾಟಿದ ಮೇಲೆ ಗಿರಣಿಯ ಜಗಲಿಯಲ್ಲಿ ಕೂತು, ಹದಿನಾಲ್ಕರ ಹುಡುಗಿಯಿಂದ ಬೈಸಿಕೊಳ್ಳುತ್ತ, ಎರಡು ವರ್ಷ ಇಂಗ್ಲಿಷ್ ಓದಲು ಕಲಿತರು. ಕಲಿಯುವ ಮೊದಲೇ ಒಂದು ಶಪಥ ಮಾಡಿದ್ದರು: ಮೆಚ್ಯೂರ್ ಎಂಬ ಪದವನ್ನು ಇನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಅದರ ಬದಲು ಅಚ್ಚಗನ್ನಡದಲ್ಲಿ ‘ದಿನ ತುಂಬಿದಾಗ ದುಡ್ಡು ಬರುತ್ತೆ’ ಎನ್ನತೊಡಗಿದರು. ಮೊದಲ ವಾರದಲ್ಲೇ ಎಂಟು ತಿಂಗಳ ಬಸುರಿಯೊಬ್ಬಳು ಖುಷಿಯಿಂದ ಸಹಿ ಹಾಕಲು ಬಂದಳು. ಎರಡನೇ ವಾರ ಎಪ್ಪತ್ತರ ಹಣ್ಣುಮುದುಕರೊಬ್ಬರು, ‘ನನ್ನ ದಿನ ತುಂಬ್ತು ಅಂತೀಯಾ?’ ಎಂದು ದೊಣ್ಣೆ ಎತ್ತಿಕೊಂಡು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂದರು. ಆಮೇಲೆ ಜಲಜಮ್ಮನವರು ಪದಗಳ ಸಹವಾಸವೇ ಬೇಡವೆಂದು ಬಾಂಡಿನ ಮೇಲೆ ತಾರೀಖನ್ನು ತೋರಿಸಿ, ‘ಈ ದಿನ’ ಎಂದಷ್ಟೇ ಹೇಳಿ, ಎದುರಿನವರಿಂದ ಎರಡು ಸಲ ಗಟ್ಟಿಯಾಗಿ ಓದಿಸುತ್ತಿದ್ದರು. ಅವರ ವ್ಯಾಪಾರ ಕಡಿಮೆಯಾಗುತ್ತದೆಂದು ನಾವು ಲೆಕ್ಕ ಹಾಕಿದ್ದೆವು. ಹೆಚ್ಚಾಯಿತು. ‘ಆ ಯಮ್ಮ ಎಲ್ಲಾ ಓದ್ಸಿ ಸೈನ್ ಹಾಕ್ಸಿಕೊಳ್ತಾಳೆ’ ಎಂದು ಕ್ವಾರ್ಟರ್ಸಿನಲ್ಲಿ ಹೆಸರಾಯಿತು.

ಎರಡು ಸಾವಿರದ ಐದರ ಮಾರ್ಚಿನಲ್ಲಿ ಸುಪ್ರಿಯಾ ಬಂದು ಚೆಕ್ ತೆಗೆದುಕೊಂಡಳು. ಆಗ ಅವಳಿಗೆ ಇಪ್ಪತ್ತೊಂದು. ಭದ್ರಾವತಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಜೊತೆಗೆ ಬಂದಿದ್ದ ಧರ್ಮಪ್ಪನವರು ರಸೀದಿಯ ಹಿಂದೆ ಮುಂದೆ ಇದ್ದದ್ದನ್ನೆಲ್ಲ ಮಗಳಿಂದ ಓದಿಸಿ ಕನ್ನಡದಲ್ಲಿ ಹೇಳಿಸಿಕೊಂಡರು. ನಲವತ್ತು ನಿಮಿಷ ಹಿಡಿಯಿತು. ಅವರ ಹಿಂದೆ ಸಾಲು ಬಾಗಿಲಾಚೆಗೆ ಹೋಗಿತ್ತು.

ಆ ಹಣದಲ್ಲಿ ಅವಳು ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡಳು. ನಾನು ಅದನ್ನು ಕಂಡದ್ದು ಏಪ್ರಿಲ್‌ನ ಒಂದು ಬೆಳಿಗ್ಗೆ, ಮಲವಗೊಪ್ಪದ ಹತ್ತಿರ. ಬಸ್ಸಿನ ಕಿಟಕಿಯ ಪಕ್ಕದಲ್ಲೇ ಬಂತು. ಸುಪ್ರಿಯಾ ಓಡಿಸುತ್ತಿದ್ದಳು. ಹಿಂದೆ ಐವತ್ತು ದಾಟಿದ ಜಲಜಮ್ಮನವರು, ತೊಡೆಯ ಮೇಲೆ ಕರಿ ಚೀಲ, ಒಂದು ಕೈಯಲ್ಲಿ ಹುಡುಗಿಯ ಸೊಂಟ, ಇನ್ನೊಂದು ಕೈಯಲ್ಲಿ ತಲೆಯ ಸೆರಗು. ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದರು. ಗಾಳಿಗೆ ನನಗೆ ಕೇಳಿಸಲಿಲ್ಲ. ತೋಟದ ಬದಿಯ ಮನೆಯ ಮುಂದೆ ರಾಗಿ ಒಣಗಿಸುತ್ತಿದ್ದ ಹೆಂಗಸೊಬ್ಬಳು ‘ಜಲಜಕ್ಕಾ!’ ಎಂದು ಕೂಗಿದಳು. ಜಲಜಮ್ಮನವರು ಸುಪ್ರಿಯಾಳ ಬೆನ್ನಿಗೆ ಎರಡು ಬಾರಿಸಿದರು. ಸ್ಕೂಟರ್ ನಿಂತಿತು. ಅವರು ಇಳಿದು ಸೀದಾ ಆ ಮನೆಯ ಅಡುಗೆಮನೆಗೆ ಹೊರಟರು.